123456789ನ್ನು ಬಿಡಿಸಿದ ಬಗೆ

ನಮ್ಮ ಕಟ್ಟಡದ ಹುಡುಗಿಯೊಬ್ಬಳು ಸಂಜೆ ನನ್ನ ಬಳಿ ಗಣಿತ ಹೇಳಿಸಿಕೊಳ್ಳಲು ಬರುತ್ತಾಳೆ. ಒಂದು ದಿನ, "ಮಾಮ, 123456789 ಒಂಬತ್ತರಿಂದ ಭಾಗವಾಗುತ್ತದೆ, ಸರಿ. ಆಮೇಲೆ?" ಎಂದು ಕೇಳಿದಳು. ಆ ಆಮೇಲಿನದನ್ನು, ಅಂದರೆ ಉಳಿದ ಅವಿಭಾಜ್ಯ ಅಪವರ್ತನಗಳನ್ನು, ನಾನು ಮರುದಿನ ದಾದರ್‌ನಿಂದ ಡೊಂಬಿವಲಿಗೆ ಬರುವ ಲೋಕಲ್ ರೈಲಿನಲ್ಲಿ, ಕಾಗದ ಪೆನ್ನು ಹಿಡಿದು ಬಿಡಿಸಿದೆ.

ಒಂಬತ್ತರಿಂದ ಭಾಗಿಸಿದರೆ ಬರುವುದು 13717421. ಅಂಕಿಗಳ ಮೊತ್ತ 26, ಹಾಗಾಗಿ ಮೂರರ ಮಾತು ಅಲ್ಲಿಗೆ ಮುಗಿಯಿತು. 7, 11, 13ರ ಪರೀಕ್ಷೆಯನ್ನು ನಾನು ಯಾವಾಗಲೂ ಒಟ್ಟಿಗೇ ಮಾಡುತ್ತೇನೆ, ಏಕೆಂದರೆ ಈ ಮೂರರ ಗುಣಲಬ್ಧ 1001. ಬಲದಿಂದ ಮೂರು ಮೂರು ಅಂಕಿಗಳಾಗಿ ಕತ್ತರಿಸಿ 421 − 717 + 13 ಎಂದು ಲೆಕ್ಕ ಹಾಕಿದರೆ −283. ಈ 283 ಮೂವರಲ್ಲಿ ಯಾರಿಗೂ ಬಗ್ಗುವುದಿಲ್ಲ. ನೂರರೊಳಗಿನ ಉಳಿದ ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಿದೆ, ಒಂದೂ ಹೊಂದಲಿಲ್ಲ. ಅದೇ ದಾರಿಯಲ್ಲಿ ಹೋದರೆ ಉತ್ತರ ಸಿಗುವ ಹೊತ್ತಿಗೆ ಐನೂರಕ್ಕೂ ಹೆಚ್ಚು ಭಾಗಾಕಾರಗಳಾಗುತ್ತವೆ.

ಇಂಥ ಕಡೆ ನನಗೆ ನೆನಪಾಗುವವನು ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ. ಬೆಸ ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆದರೆ ಅಪವರ್ತನಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ: a² − b² = (a − b)(a + b). 1643ರ ಪತ್ರವೊಂದರಲ್ಲಿ ಆತ 2027651281ನ್ನು ಹೀಗೆಯೇ 44021 × 46061 ಎಂದು ಒಡೆದು ತೋರಿಸಿದ. ಅದಕ್ಕೆ ಹನ್ನೆರಡೇ ಹೆಜ್ಜೆ ಸಾಕಾಗುತ್ತದೆ. ಹೊರಡಬೇಕಾದದ್ದು ವರ್ಗಮೂಲಕ್ಕಿಂತ ತುಸು ಮೇಲಿನ ಪೂರ್ಣಾಂಕದಿಂದ. ನಮ್ಮ ಸಂಖ್ಯೆಗೆ ಅದು 3704. ಅದರ ವರ್ಗ 13719616, ವ್ಯತ್ಯಾಸ 2195. ಐದರಲ್ಲಿ ಕೊನೆಗೊಳ್ಳುವ ವರ್ಗ 25ರಲ್ಲೇ ಕೊನೆಗೊಳ್ಳಬೇಕು, ಆದ್ದರಿಂದ ಇದನ್ನು ನೋಡುತ್ತಲೇ ಕೈಬಿಟ್ಟೆ. ಮುಂದಿನದು 3705. ವರ್ಗ 13727025, ವ್ಯತ್ಯಾಸ 9604. ಅದು 98ರ ವರ್ಗ! ಎರಡನೆಯ ಹೆಜ್ಜೆಗೇ ಬಾಗಿಲು ತೆರೆಯಿತು. 3705ರಿಂದ 98 ಕಳೆದರೆ 3607, ಕೂಡಿದರೆ 3803.

ಇವೆರಡೂ ಅವಿಭಾಜ್ಯಗಳೇ ಎಂದು ಮತ್ತೆ ಪರೀಕ್ಷಿಸಬೇಕಾಗಲಿಲ್ಲ. 62ರ ವರ್ಗ 3844, ಇವೆರಡಕ್ಕಿಂತ ದೊಡ್ಡದು. ನೂರರವರೆಗೆ ಮೊದಲೇ ನೋಡಿಯಾಗಿದೆ. ಏನೂ ಸಿಗದ ಆ ಭಾಗಾಕಾರಗಳೆಲ್ಲ ಇಲ್ಲಿ ಕೆಲಸಕ್ಕೆ ಬಂದವು. ಹಾಗಾಗಿ 123456789 = 3 × 3 × 3607 × 3803; ಒಟ್ಟು ಹನ್ನೆರಡು ಭಾಜಕಗಳು.

ಆದರೆ ಈ ವಿಧಾನವನ್ನು ಮೊದಲೇ ಹಿಡಿಯಬಾರದು ಎಂದು ಹುಡುಗಿಗೆ ಒತ್ತಿ ಹೇಳಿದೆ. ಎರಡು ಅಪವರ್ತನಗಳು ಹತ್ತಿರವಿದ್ದರೆ ಮಾತ್ರ ಇದು ಓಡುತ್ತದೆ. ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧವನ್ನು ಒಡೆಯುವುದು ಕಷ್ಟ ಎಂಬುದನ್ನೇ ನಂಬಿರುವ ಆರ್‌ಎಸ್‌ಎ ಗೂಢಲಿಪಿಗೆ ಆರಿಸುವ ಆ ಎರಡು ಅವಿಭಾಜ್ಯಗಳು ತೀರ ಹತ್ತಿರ ಇರಬಾರದು ಎಂಬ ನಿಯಮದ ಹಿಂದೆ ಇರುವುದೂ ಇದೇ ಭಯ. ಅದೇ ಸಾಲಿನಿಂದ ಎಂಟನ್ನು ತೆಗೆದು 12345679 ಎಂದು ಬರೆದು ನೋಡಿ. ಅದು 37 × 333667. ಚಿಕ್ಕ ಅವಿಭಾಜ್ಯಗಳಿಂದ ಭಾಗಿಸುತ್ತ ಹೋದರೆ ಹನ್ನೆರಡನೆಯದಕ್ಕೇ ಸಿಕ್ಕಿಬೀಳುತ್ತದೆ. ಫರ್ಮಾನ ದಾರಿಯಲ್ಲಿ ಹೊರಟರೆ 1,63,339 ಹೆಜ್ಜೆ.