ಕಪ್ಪೇ ಗೆಲ್ಲದ ಕ್ಲಬ್ಬಿನ ಚರಿತ್ರೆ ಬರೆದಿದ್ದು

ನಮ್ಮದು ಬೆಂಗಳೂರಿನ ದೂರವಾಣಿನಗರದ ಒಂದು ಪುಟ್ಟ ಫುಟ್‌ಬಾಲ್ ಕ್ಲಬ್. ಐಟಿಐ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯ ಕೆಲಸಗಾರರು ಶುರು ಮಾಡಿದ್ದು, ಆಮೇಲೆ ಅವರ ಮಕ್ಕಳು ಆಡಿದ್ದು, ಅವರ ಜೊತೆ ನಾನೂ ಲೆಫ್ಟ್ ಬ್ಯಾಕ್ ಅಂತ ಒಂದಷ್ಟು ವರ್ಷ ಓಡಾಡಿದ್ದು. ಸಿ ಡಿವಿಷನ್ ಬಿಟ್ಟು ಮೇಲೆ ಹೋದ ನೆನಪು ಯಾರಿಗೂ ಇಲ್ಲ. ಇದಕ್ಕೇನು ಇತಿಹಾಸ ಬರೀತೀಯ ಅಂತ ಮನೆಯಲ್ಲೇ ನಕ್ಕರು.

ಐಟಿಐ ಅಂದ ಕೂಡಲೇ ಫುಟ್‌ಬಾಲ್ ಗೊತ್ತಿರುವವರು 1977 ಅಂತಾರೆ. ಮೊಟ್ಟಮೊದಲ ಫೆಡರೇಷನ್ ಕಪ್, ಕೊಚ್ಚಿಯಲ್ಲಿ ಫೈನಲ್, ಕೋಲ್ಕತ್ತದ ಮೋಹನ್ ಬಗಾನ್ ವಿರುದ್ಧ 1-0 ಗೆಲುವು. ಅದು ಕಂಪನಿ ಟೀಮು. ನಮ್ಮದು ಆ ಟೀಮಿಗೆ ಆಯ್ಕೆ ಆಗದವರು ಕಟ್ಟಿಕೊಂಡದ್ದು. ಹಾಗಾಗಿ ಎಲ್ಲಾದರೂ ದಾಖಲೆ ಸಿಗುತ್ತೆ ಅನ್ನುವ ಆಸೆ ಮೊದಲೇ ಇರಲಿಲ್ಲ. ಹಳೇ ಪತ್ರಿಕೆ ಕಟ್ಟುಗಳನ್ನು ತಿರುವಿದೆ. ಕ್ರೀಡಾ ಪುಟದ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಲೀಗ್ ಫಲಿತಾಂಶ, ಅದೂ ದೊಡ್ಡ ಟೀಮುಗಳದ್ದೇ ಜಾಸ್ತಿ. ಆ ದಾರಿ ಬಿಟ್ಟು ಹಿರಿಯರ ಮನೆ ಬಾಗಿಲಿಗೆ ಹೋದೆ.

ಇಲ್ಲಿ ಒಂದು ವಿಷಯ ಬೇಗ ಅರ್ಥವಾಯಿತು. ಫುಟ್‌ಬಾಲ್ ಬಗ್ಗೆ ಕೇಳಿದರೆ ಇಸವಿ ಸಿಗಲ್ಲ. "ಯಾವ ವರ್ಷ ಆಡ್ತಿದ್ರಿ ಅಂಕಲ್?" ಅಂದರೆ "ಅಯ್ಯೋ, ಅದೆಲ್ಲಾ ಯಾವಾಗಿನ ಮಾತಪ್ಪಾ" ಅಂತಾರೆ, ಅಷ್ಟೇ. ಅದೇ "ಆಗ ಯಾವ ಡಿಪಾರ್ಟ್‌ಮೆಂಟಲ್ಲಿದ್ರಿ?" ಅಂತ ಕೇಳಿ ನೋಡಿ, ಮಾತು ನಿಲ್ಲೋದೇ ಇಲ್ಲ. ಒಬ್ಬರು ನಿವೃತ್ತ ಫಿಟ್ಟರ್ ಹೇಳಿದರು: "ಸ್ಟ್ರೌಜರ್‌ನಲ್ಲಿದ್ದಾಗ ಆಡ್ತಿದ್ದೆ, ಕ್ರಾಸ್‌ಬಾರ್‌ಗೆ ಹಾಕಿದ ವರ್ಷಾನೇ ಮಂಡಿ ಹೋಯ್ತು, ಬಿಟ್ಟೆ." ಕಾರ್ಖಾನೆ ಶುರುವಾದದ್ದು 1948ರಲ್ಲಿ, ಮೊದಲು ಸ್ಟ್ರೌಜರ್ ಅನ್ನೋ ಥರದ ಟೆಲಿಫೋನ್ ಎಕ್ಸ್‌ಚೇಂಜ್ ಮಾಡುತ್ತಿದ್ದರು, ಕ್ರಾಸ್‌ಬಾರ್ (ಗೋಲಿನದ್ದಲ್ಲ, ಅದೂ ಒಂದು ಥರದ ಎಕ್ಸ್‌ಚೇಂಜೇ) ಬಂದದ್ದು ಅರವತ್ತರ ದಶಕದಲ್ಲಿ. ಅವರ ವರ್ಗಾವಣೆಯ ಕಾಗದ ಇನ್ನೂ ಮನೆಯಲ್ಲೇ ಇತ್ತು, ತಾರೀಖಿನ ಸಮೇತ. ಮಂಡಿ ಹೋದ ಸೀಸನ್ ಸಿಕ್ಕಿತು. ಆ ಸೀಸನ್ ಸಿಕ್ಕ ಮೇಲೆ ಅವರ ಜಾಗಕ್ಕೆ ಬಂದ ಸೆಂಟರ್ ಹಾಫ್ ಯಾರು, ಅವನ ಜೊತೆ ಸೇರಿದವರು ಯಾರು ಅಂತ ಒಂದೊಂದೇ ಬಿಚ್ಚಿಕೊಂಡಿತು.

ಶಿಫ್ಟ್ ಬಗ್ಗೆಯೂ ಕೇಳಲೇಬೇಕು. ಯಾಕೆ ಒಂದೇ ಸೀಸನ್ನಿನಲ್ಲಿ ಇಬ್ಬಿಬ್ಬರು ಗೋಲ್‌ಕೀಪರ್ ಅಂತ ತಲೆಕೆಡಿಸಿಕೊಂಡಿದ್ದೆ. ಒಬ್ಬರದು ಫಸ್ಟ್ ಶಿಫ್ಟ್, ಇನ್ನೊಬ್ಬರದು ಸೆಕೆಂಡ್, ಅಷ್ಟೇ ಕಥೆ! ಇಬ್ಬರಿಗೂ ಒಟ್ಟಿಗೆ ಡ್ಯೂಟಿ ಬಿದ್ದ ದಿನ ವಾಕೋವರ್.

ಕೈಗೆ ಸಿಕ್ಕ ಒಂದೇ ಒಂದು ಪುಸ್ತಕ ಅಂದರೆ ಚಂದಾ ಲೆಕ್ಕದ್ದು. ಹಳೇ ಖಜಾಂಚಿಯವರ ಹೆಂಡತಿ ಟ್ರಂಕಿನಲ್ಲಿ, ಸೀರೆಗಳ ಅಡಿ ಇಟ್ಟಿದ್ದರು. ಉದ್ದ ಗೆರೆ ಹಾಕಿ, ಪ್ರತಿ ತಿಂಗಳ ಸಂಬಳದ ದಿನ ಯಾರು ಎಷ್ಟು ಕೊಟ್ಟರು ಅಂತ ಬರೆದಿದೆ. ಒಂದು ಪುಟದಲ್ಲಿ ಎಲ್ಲರ ಹೆಸರಿನ ಎದುರೂ ಖಾಲಿ. ಕೆಳಗೆ ಇಸವಿ ನೋಡಿದರೆ 1981. ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ದೊಡ್ಡ ಮುಷ್ಕರ, 1980ರ ಡಿಸೆಂಬರಿನಿಂದ 1981ರ ಮಾರ್ಚ್‌ವರೆಗೆ ನಡೆದದ್ದು. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ ಎಲ್ಲಾ ಅದರಲ್ಲಿದ್ದವು. ಸಂಬಳವಿಲ್ಲ, ಚಂದಾ ಎಲ್ಲಿಂದ ಬರಬೇಕು? ಆದರೆ ಹಿರಿಯರು ಹೇಳೋದು, ಅಷ್ಟು ಚೆನ್ನಾಗಿ ಪ್ರಾಕ್ಟೀಸ್ ಮಾಡಿದ್ದು ಆಗಲೇ ಅಂತ. ಯಾರಿಗೂ ಶಿಫ್ಟ್ ಇರಲಿಲ್ಲವಲ್ಲ, ಬೆಳಗ್ಗೆ ಹನ್ನೊಂದೂ ಜನ ಹಾಜರ್, ಚೆಂಡು ಮಾತ್ರ ಹೊಲಿಗೆ ಬಿಟ್ಟು ಬ್ಲಾಡರ್ ಹೊರಗೆ ಇಣುಕುತ್ತಿತ್ತಂತೆ.

ಜೆರ್ಸಿ ವಿಷಯದಲ್ಲಿ ಗಂಡಸರ ಮಾತು ನಂಬಬೇಡಿ. ಒಬ್ಬರು ಹಸಿರು ಅಂದರು, ಒಬ್ಬರು ನೀಲಿ. ಒಗೆದವರನ್ನು ಕೇಳಬೇಕು. ಅದೇ ಟ್ರಂಕಿನ ಅಮ್ಮ ನಕ್ಕು ಹೇಳಿದರು, ಬಿಳೀ ಬನಿಯನ್ ತಂದು ಮನೆಯಲ್ಲೇ ನೀಲಿ ಬಣ್ಣಕ್ಕೆ ಅದ್ದುತ್ತಿದ್ದರಂತೆ, ಮಳೆಯಲ್ಲಿ ಆಡಿ ಬಂದರೆ ಹುಡುಗರ ಮೈಯೆಲ್ಲಾ ನೀಲಿ. ದೊಡ್ಡ ಮಗಳು ಹುಟ್ಟಿದ ವರ್ಷ ಅಂಗಡಿ ಜೆರ್ಸಿ ಬಂತು ಅಂತಲೂ ಅವರೇ ಹೇಳಿದ್ದು. ಅದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಬೇರೆ ಸಿಕ್ಕಿಲ್ಲ.

ತಾರೀಖಿಲ್ಲದ ಕಾಗದಕ್ಕೆ ಕೆಲವು ಉಪಾಯಗಳಿವೆ. ವಿಳಾಸದಲ್ಲಿ 560016 ಅಂತ ಆರಂಕಿ ಪಿನ್ ಇದ್ದರೆ 1972ರ ಆಗಸ್ಟ್ ಆದಮೇಲಿನದು. ಬರೀ ಬೆಂಗಳೂರು-16 ಅಂತಿದ್ದರೆ ಏನೂ ಹೇಳೋಕೆ ಬರಲ್ಲ, ಜನ ಆಮೇಲೂ ಹಾಗೇ ಬರೆಯುತ್ತಿದ್ದರು. ಮೈಸೂರು ರಾಜ್ಯ ಅಂತ ಅಚ್ಚಾಗಿದ್ದರೆ ಹೆಚ್ಚುಕಡಿಮೆ 1973ರ ನವೆಂಬರಿಗೆ ಮುಂಚಿನದು, ಆದರೂ ಹಳೇ ಲೆಟರ್‌ಹೆಡ್ ಖರ್ಚಾಗುವ ತನಕ ಬಳಸುವ ಜಿಪುಣರು ಎಲ್ಲಾ ಕ್ಲಬ್ಬಿನಲ್ಲೂ ಇರ್ತಾರೆ ಅಲ್ವಾ.

ಇಬ್ಬರು ಬೇರೆ ಬೇರೆ ಥರ ಹೇಳಿದ ಕಡೆ ನಾನು ತೀರ್ಪು ಕೊಡಲಿಲ್ಲ, ಎರಡನ್ನೂ ಹಾಕಿದೆ. ಕ್ಲಬ್ ಹುಟ್ಟಿದ್ದು ಕ್ಯಾಂಟೀನಿನಲ್ಲಿ ಅಂತ ಒಂದು ಗುಂಪು, ಬಸ್ ಸ್ಟಾಪಿನಲ್ಲಿ ಅಂತ ಇನ್ನೊಂದು. ಎರಡೂ ಗುಂಪಿನವರು ಈಗಲೂ ನನ್ನನ್ನ ಮಾತಾಡಿಸ್ತಾರೆ, ಅದು ಮುಖ್ಯ.

ಜೆರಾಕ್ಸ್ ಅಂಗಡಿಯಲ್ಲೇ ಪಿನ್ ಹೊಡೆಸಿ ಸಣ್ಣ ಪುಸ್ತಕ ಮಾಡಿಸಿದ್ದೀನಿ. ಎಪ್ಪತ್ತರ ದಶಕದ ಕೊನೆಯ ಭಾಗ ಇನ್ನೂ ತೆಳ್ಳಗಿದೆ. ನಿಮ್ಮ ತಂದೆಯೋ ಮಾವನೋ ಕಾಲೊನಿಯಲ್ಲಿ ಆಡಿದ ಫೋಟೋ ಇದ್ದರೆ ಕಳಿಸಿ, ಆದರೆ ಹಿಂಬದಿಯದನ್ನೂ ತೆಗೆದು ಕಳಿಸಿ. ಮುಂದೆ ಇರೋದು ಮುಖ, ಹಿಂದೆ ಸ್ಟುಡಿಯೋ ಸೀಲು ಇರುತ್ತೆ.