ಕರೆಂಟಿಲ್ಲದ ಕಡೆ ನೀರಿನ ಫಿಲ್ಟರ್: ಸಣ್ಣಗಾಗಿದ್ದ ಧಾರೆ ಸರಿಹೋದ ಬಗೆ

ಮಳೆನೀರಿನ ಟ್ಯಾಂಕಿಗೆ ನೇರವಾಗಿ 5 ಮೈಕ್ರಾನ್ ಕಾರ್ಟ್ರಿಜ್ (ಬದಲಾಯಿಸಬಹುದಾದ ಸೋಸುಕೊಳವೆ; ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಕೂರಿಸಿದ್ದೆ. ಎರಡೇ ವಾರಕ್ಕೆ ಧಾರೆ ನೂಲಿನಷ್ಟಾಯಿತು. ಬಿಚ್ಚಿದರೆ ಹೊರಮೈಗೆಲ್ಲ ಕಂದು ಲೋಳೆ, ಒಳಪದರ ಮಾತ್ರ ಹೊಸದರಂತೆ ಬೆಳ್ಳಗೆ. ಅಂದರೆ ದಪ್ಪ ಕೆಸರೇ ಮೇಲ್ಮೈ ಮುಚ್ಚಿತ್ತು. ಒತ್ತಡವೂ ಕಡಿಮೆ: 10 ಮೀಟರ್ ಎತ್ತರಕ್ಕೆ ಸಿಗುವುದು ಸುಮಾರು 1 ಬಾರ್, ಟ್ಯಾಂಕ್ ಇದ್ದದ್ದು 3 ಮೀಟರ್ ಮೇಲೆ. ಆರ್‌ಒ (ಒತ್ತಡದಿಂದ ನೀರನ್ನು ಸೂಕ್ಷ್ಮ ಪೊರೆಯ ಮೂಲಕ ತಳ್ಳುವ ಫಿಲ್ಟರ್) ಯೋಚನೆ ಅಲ್ಲಿಗೇ ಬಿಟ್ಟೆ. ಅದಕ್ಕೆ ಪಂಪ್ ಬೇಕು, ನೀರೂ ಪೋಲು.

ಟ್ಯಾಂಕಿನ ನಲ್ಲಿಯನ್ನು ತಳದಿಂದ 15 ಸೆಂ.ಮೀ. ಮೇಲಕ್ಕೆ ಏರಿಸಿದೆ, ಕೆಸರು ಕೆಳಗೇ ಉಳಿಯಲಿ ಎಂದು. ಆಮೇಲೆ ತೊಳೆದು ಬಳಸುವ 50 ಮೈಕ್ರಾನ್ ಜಾಲರಿ, ಅದರ ನಂತರ ಅದೇ 5 ಮೈಕ್ರಾನ್ ಕಾರ್ಟ್ರಿಜ್, ಕೊನೆಗೆ ಸೆರಾಮಿಕ್ ಕ್ಯಾಂಡಲ್ (ಸಣ್ಣ ರಂಧ್ರಗಳಿರುವ, ಪಿಂಗಾಣಿಯಂಥ ಸೋಸುಕ). ಕ್ಯಾಂಡಲನ್ನು ಮೆತ್ತನೆ ಬ್ರಷ್‌ನಿಂದ ಬರೀ ನೀರಲ್ಲಿ ಉಜ್ಜಿ. ಸೋಪು ರಂಧ್ರದೊಳಗೆ ಕೂತುಬಿಡುತ್ತದೆ. ಕೂದಲೆಳೆಯಷ್ಟು ಬಿರುಕು ಕಂಡರೂ ಎಸೆಯಿರಿ, ನೀರು ಸೋಸದೆ ಅಲ್ಲಿಂದಲೇ ನುಗ್ಗುತ್ತದೆ.

ಒಳ್ಳೆಯ ಕ್ಯಾಂಡಲ್ ಬ್ಯಾಕ್ಟೀರಿಯಾ ತಡೆಯುತ್ತದೆ, ವೈರಸ್ಸನ್ನೂ ತಡೆಯುತ್ತದೆ ಎಂದು ನಂಬುವಂತಿಲ್ಲ. ಹಾಗಾಗಿ ಕುಡಿಯುವ ನೀರನ್ನು 1 ನಿಮಿಷ ಕೊತಕೊತ ಕುದಿಸಿ. 2,000 ಮೀಟರ್‌ಗಿಂತ ಎತ್ತರದ ಜಾಗವಾದರೆ 3 ನಿಮಿಷ. ಕೊಳವೆಬಾವಿ ನೀರಾದರೆ ಏನನ್ನೂ ಕೊಳ್ಳುವ ಮೊದಲು ಫ್ಲೋರೈಡ್, ನೈಟ್ರೇಟ್ ಪರೀಕ್ಷೆ ಮಾಡಿಸಿ. ಕುದಿಸಿದರೆ ಅವು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತವೆ.