ಮಾಜಿ ಸೈನಿಕರ ಚಿಕಿತ್ಸೆ ಮತ್ತು ನೆರವು: ಕಾಯಿಲೆಗೆ ಮೊದಲೇ ಮಾಡಿಕೊಳ್ಳಬೇಕಾದ ಸಿದ್ಧತೆ

ಸೇನೆಯಿಂದ ಪಿಂಚಣಿಯೊಂದಿಗೆ ನಿವೃತ್ತರಾದವರಿಗೂ ಅವರ ಅವಲಂಬಿತರಿಗೂ ಜೀವನಪರ್ಯಂತ ಚಿಕಿತ್ಸೆ ಒದಗಿಸುವ ಇಸಿಎಚ್‌ಎಸ್ ಯೋಜನೆ 2003ರ ಏಪ್ರಿಲ್ 1ರಂದು ಆರಂಭವಾಯಿತು. ಹೀಗಿದ್ದೂ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮಾಜಿ ಸೈನಿಕರು ಜಮೀನು ಒತ್ತೆಯಿಟ್ಟು ಖಾಸಗಿ ಆಸ್ಪತ್ರೆಯ ಬಿಲ್ಲು ಕಟ್ಟುತ್ತಾರೆ. ಕಾರಣ ಹುಡುಕುತ್ತಾ ಹೋದರೆ ಹೆಚ್ಚಿನ ಸಲ ಸಿಗುವುದು ದಾಖಲೆಯ ದೋಷ: ಎಂದೋ ತಪ್ಪಾಗಿ ಬರೆದ ಹೆಸರು, ಸೇರಿಸದೇ ಬಿಟ್ಟ ಹೆಂಡತಿ, ಮಾಡಿಸದೇ ಉಳಿದ ಕಾರ್ಡು. ಆದ್ದರಿಂದ ಈ ಬರಹದ ಹೆಚ್ಚಿನ ಪಾಲು ಆರೋಗ್ಯ ಚೆನ್ನಾಗಿರುವಾಗ ಮಾಡಿ ಮುಗಿಸಬೇಕಾದ ಕೆಲಸಕ್ಕೆ ಮೀಸಲು.

ಮೊದಲು ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಬುಕ್, ಪಿಂಚಣಿ ಪಾವತಿ ಆದೇಶ (ಪಿಪಿಒ), ಆಧಾರ್, ಪ್ಯಾನ್ ಮತ್ತು ಬ್ಯಾಂಕ್ ಪಾಸ್‌ಬುಕ್‌ಗಳನ್ನು ಒಟ್ಟಿಗೆ ಹರಡಿಕೊಂಡು, ನಿಮ್ಮ ಹಾಗೂ ನಿಮ್ಮ ಪತ್ನಿಯ ಹೆಸರು ಮತ್ತು ಜನ್ಮ ದಿನಾಂಕವನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ. ಕರ್ನಾಟಕದವರಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಊರಿನ ಮತ್ತು ತಂದೆಯ ಹೆಸರಿನ ಇನಿಷಿಯಲ್ ಇಟ್ಟುಕೊಳ್ಳುವುದು ಹಳೇ ಮೈಸೂರಿನ ರೂಢಿ. ಕೊಡಗಿನಲ್ಲಿ ಮನೆತನದ ಹೆಸರು ಮುಂದೆ ಬರುತ್ತದೆ, ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಕೊನೆಗೆ. ಭರ್ತಿಯ ದಿನ ಇದನ್ನೆಲ್ಲ ಬೇರೆ ಭಾಷೆಯ ಗುಮಾಸ್ತರೊಬ್ಬರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದಿರುತ್ತಾರೆ. ಹೆಂಡತಿಯ ಹೆಸರಂತೂ ಸೇನೆಯ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇರುವುದು ಅಪರೂಪವೇ ಅಲ್ಲ. ವ್ಯತ್ಯಾಸ ಕಂಡರೆ ಪ್ರಮಾಣಪತ್ರ (ಅಫಿಡವಿಟ್), ಆಧಾರ್ ಮತ್ತು ಇತರ ಪುರಾವೆಗಳೊಂದಿಗೆ, ಸೇವಾ ದಾಖಲೆಗಳನ್ನು ಇಟ್ಟುಕೊಂಡಿರುವ ನಿಮ್ಮ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಅರ್ಜಿ ಕಳುಹಿಸಬೇಕು. ಮದ್ರಾಸ್ ಎಂಜಿನಿಯರ್ ಗ್ರೂಪಿನವರಿಗೆ ಅದು ಬೆಂಗಳೂರಿನಲ್ಲೇ ಇದೆ, ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿಯಲ್ಲಿದೆ. ಉಳಿದ ಅನೇಕರು ಅಂಚೆಯ ಮೂಲಕ ದೂರದ ರಾಜ್ಯದೊಡನೆ ವ್ಯವಹರಿಸಬೇಕಾಗುತ್ತದೆ. ಅಂಥವರು ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯ ಮೂಲಕ ಅರ್ಜಿ ಸಲ್ಲಿಸುವುದು ಒಳ್ಳೆಯದು. ಆ ಕಚೇರಿ ಎಲ್ಲ ಜಿಲ್ಲೆಗಳಲ್ಲೂ ಇಲ್ಲ. ಉಡುಪಿಯವರಿಗೆ ಮಂಗಳೂರಿನ ಕಚೇರಿಯೇ ಆಧಾರವಾಗಿರುವಂತೆ, ಕೆಲವೆಡೆ ಒಂದೇ ಕಚೇರಿ ಒಂದಕ್ಕಿಂತ ಹೆಚ್ಚು ಜಿಲ್ಲೆಗಳನ್ನು ನೋಡಿಕೊಳ್ಳುತ್ತದೆ.

ಪಿಪಿಒದಲ್ಲಿ ಪತ್ನಿಯ ಹೆಸರೇ ಇಲ್ಲದಿದ್ದರೆ ಅದನ್ನು ಸೇರಿಸುವ ಕೆಲಸವನ್ನು ಒಂದು ದಿನವೂ ಮುಂದೂಡಬಾರದು. ಗಂಡ ಬದುಕಿರುವಾಗ ಅವರ ಸಹಿಯಿಂದ ಸಲೀಸಾಗಿ ಆಗುವ ಈ ಕೆಲಸ, ಅವರ ನಂತರ ವಿಧವೆಯೊಬ್ಬಳು ತಾನು ಹೆಂಡತಿಯೆಂದು ಸಾಬೀತುಪಡಿಸಬೇಕಾದ ಪ್ರಕರಣವಾಗಿ ಬದಲಾಗುತ್ತದೆ. ಕುಟುಂಬ ಪಿಂಚಣಿಯೂ ಆಕೆಯ ಚಿಕಿತ್ಸೆಯ ಹಕ್ಕೂ ಎರಡೂ ಈ ಒಂದು ನಮೂದನ್ನೇ ನೆಚ್ಚಿಕೊಂಡಿವೆ. ಪಿಂಚಣಿ ಈಗ ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್ ಮೂಲಕ ಬರುತ್ತಿರುವುದರಿಂದ ಅದರ ಬಳಕೆದಾರರ ಹೆಸರು, ಪಾಸ್‌ವರ್ಡ್ ಮತ್ತು ನೋಂದಾಯಿಸಿದ ಮೊಬೈಲ್ ಸಂಖ್ಯೆ ಪತ್ನಿಗೂ ಗೊತ್ತಿರಲಿ. ವರ್ಷಕ್ಕೊಮ್ಮೆ ಕೊಡಬೇಕಾದ ಜೀವಿತ ಪ್ರಮಾಣಪತ್ರವನ್ನು ಮೊಬೈಲ್‌ನಲ್ಲಿ ಮುಖ ಗುರುತಿಸುವ ವಿಧಾನದಿಂದಲೂ ಸಲ್ಲಿಸಬಹುದು. ದುಡಿದು ಬೆರಳಚ್ಚು ಸವೆದವರಿಗೆ ಇದು ದೊಡ್ಡ ಅನುಕೂಲ.

ಇನ್ನು ಇಸಿಎಚ್‌ಎಸ್ ಕಾರ್ಡು. 2003ರ ಏಪ್ರಿಲ್ ನಂತರ ನಿವೃತ್ತರಾದ ಪಿಂಚಣಿದಾರರು ಕಡ್ಡಾಯವಾಗಿ ಸದಸ್ಯರಾಗುತ್ತಾರೆ, ಒಂದೇ ಸಲದ ವಂತಿಗೆ ನಿವೃತ್ತಿಯ ಹಣದಲ್ಲೇ ಮುರಿದುಕೊಳ್ಳಲಾಗುತ್ತದೆ. ಅದಕ್ಕೂ ಮೊದಲು ನಿವೃತ್ತರಾಗಿ ಸೇರದೇ ಉಳಿದ ಹಿರಿಯರು ಈಗಲೂ ಸೇರಬಹುದು. 1996ರ ಜನವರಿ 1ಕ್ಕಿಂತ ಮುಂಚೆ ನಿವೃತ್ತರಾದವರಿಗೆ ವಂತಿಗೆಯೂ ಇಲ್ಲ. ಸದಸ್ಯರಾದರೆ ತಿಂಗಳಿಗೆ 1,000 ರೂಪಾಯಿಯ ನಿಗದಿತ ವೈದ್ಯಕೀಯ ಭತ್ಯೆಯನ್ನು ಬಿಡಬೇಕಾಗುತ್ತದೆ ಎಂದು ಕೆಲವರು ಹಿಂಜರಿಯುತ್ತಾರೆ. ಈ ಲೆಕ್ಕಾಚಾರ ಸರಿಯಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಹೃದಯದ ಒಂದು ಶಸ್ತ್ರಚಿಕಿತ್ಸೆಯ ವೆಚ್ಚ ಹಲವು ವರ್ಷಗಳ ಭತ್ಯೆಯನ್ನು ಒಂದೇ ದಿನ ನುಂಗಿಬಿಡುತ್ತದೆ. ಅವಲಂಬಿತರ ಪಟ್ಟಿಯಲ್ಲಿ ಪತ್ನಿ, 25 ವರ್ಷದೊಳಗಿನ ಸಂಪಾದನೆಯಿಲ್ಲದ ಮಗ, ಆದಾಯವಿಲ್ಲದ ಅವಿವಾಹಿತ, ವಿಧವೆ ಅಥವಾ ವಿಚ್ಛೇದಿತ ಮಗಳು, ಆದಾಯದ ಮಿತಿಗೊಳಪಟ್ಟು ತಂದೆ ತಾಯಿ ಬರುತ್ತಾರೆ. ದುಡಿಯಲಾಗದಷ್ಟು ಅಂಗವೈಕಲ್ಯವಿರುವ ಮಗನಿಗೆ ವಯಸ್ಸಿನ ಮಿತಿ ಅನ್ವಯಿಸದೆಂಬುದು ಬಹಳ ಪೋಷಕರಿಗೆ ತಿಳಿದಿಲ್ಲ.

ಕಾರ್ಡು ಸಿಕ್ಕ ಮೇಲೆ ಸಾಮಾನ್ಯ ಕಾಯಿಲೆಗೆ ದಾರಿ ಸರಳ. ಮೈಸೂರು, ಮಡಿಕೇರಿ, ಮಂಗಳೂರು, ಬೆಳಗಾವಿ ಮುಂತಾದೆಡೆ ಇರುವ ಪಾಲಿಕ್ಲಿನಿಕ್‌ಗೆ, ಅಂದರೆ ಇಸಿಎಚ್‌ಎಸ್‌ನದೇ ಚಿಕಿತ್ಸಾಲಯಕ್ಕೆ ಹೋಗಿ ವೈದ್ಯರಿಗೆ ತೋರಿಸಬೇಕು. ತಜ್ಞರ ಚಿಕಿತ್ಸೆ ಬೇಕಾದರೆ ಅವರು ಸೇನಾ ಆಸ್ಪತ್ರೆಗೆ ಅಥವಾ ಇಸಿಎಚ್‌ಎಸ್ ಜೊತೆ ಒಪ್ಪಂದವಿರುವ ಖಾಸಗಿ ಆಸ್ಪತ್ರೆಗೆ ರೆಫರಲ್ (ಶಿಫಾರಸು ಚೀಟಿ) ಬರೆದುಕೊಡುತ್ತಾರೆ, ಅಲ್ಲಿ ನಗದು ಕೊಡಬೇಕಾಗಿಲ್ಲ. ಮಗನ ಮನೆಯೆಂದು ಬೆಂಗಳೂರಿಗೆ ಬಂದು ನೆಲೆಸಿದವರು ಔಷಧಿಗಾಗಿ ಪ್ರತಿ ತಿಂಗಳು ಊರಿಗೆ ಬಸ್ಸು ಹತ್ತುವ ಅಗತ್ಯವಿಲ್ಲ. ಮೂಲ ಪಾಲಿಕ್ಲಿನಿಕ್ಕನ್ನು ಬದಲಿಸಿಕೊಳ್ಳಬಹುದು.

ತುರ್ತು ಸಂದರ್ಭದಲ್ಲಿ ಈ ಕ್ರಮವೆಲ್ಲ ಅನ್ವಯಿಸುವುದಿಲ್ಲ. ಎದೆನೋವು, ಪಾರ್ಶ್ವವಾಯು, ಅಪಘಾತಗಳಲ್ಲಿ ರೆಫರಲ್‌ಗಾಗಿ ಅಲೆಯದೆ ಹತ್ತಿರದ ಆಸ್ಪತ್ರೆಗೆ ಸೇರಿಸಿ. ಅದು ಒಪ್ಪಂದದ ಆಸ್ಪತ್ರೆಯಾಗಿದ್ದರೆ ಕಾರ್ಡು ತೋರಿಸಿ, ಇಸಿಎಚ್‌ಎಸ್ ರೋಗಿಯೆಂದು ದಾಖಲಿಸಲು ಮೊದಲೇ ಹೇಳಿ. ಒಪ್ಪಂದವಿಲ್ಲದ ಆಸ್ಪತ್ರೆಯಾದರೆ 48 ಗಂಟೆಗಳೊಳಗೆ ಹತ್ತಿರದ ಪಾಲಿಕ್ಲಿನಿಕ್‌ಗೆ ತಿಳಿಸಲೇಬೇಕು. ಹೀಗೆ ತಿಳಿಸುವ ಹೊಣೆ ಬೀಳುವುದು ಹಾಸಿಗೆ ಹಿಡಿದ ಸೈನಿಕನ ಮೇಲಲ್ಲ, ಗಾಬರಿಯಲ್ಲಿರುವ ಮನೆಯವರ ಮೇಲೆ. ಆದ್ದರಿಂದ ಪಾಲಿಕ್ಲಿನಿಕ್‌ನ ದೂರವಾಣಿ ಸಂಖ್ಯೆಯನ್ನೂ ಸದಸ್ಯತ್ವದ ಸಂಖ್ಯೆಯನ್ನೂ ಬರೆದು ಗೋಡೆಗೆ ಅಂಟಿಸಿಡಿ. ಒಪ್ಪಂದವಿಲ್ಲದ ಆಸ್ಪತ್ರೆಯಲ್ಲಿ ಹಣವನ್ನು ನೀವೇ ಕಟ್ಟಿ, ತುರ್ತುಸ್ಥಿತಿಯ ಪ್ರಮಾಣಪತ್ರ, ಡಿಸ್ಚಾರ್ಜ್ ಸಾರಾಂಶ ಮತ್ತು ವಿವರವಾದ ಮೂಲ ಬಿಲ್ಲುಗಳನ್ನು ಪಾಲಿಕ್ಲಿನಿಕ್‌ಗೆ ಸಲ್ಲಿಸಬೇಕು. ಮರುಪಾವತಿ ನಿಗದಿತ ದರದಲ್ಲಷ್ಟೇ ಸಿಗುವುದರಿಂದ, ರೋಗಿಯ ಸ್ಥಿತಿ ಸ್ಥಿರವಾದೊಡನೆ ಒಪ್ಪಂದದ ಆಸ್ಪತ್ರೆಗೆ ವರ್ಗಾಯಿಸುವುದು ಜಾಣತನ.

ಕೇಳಿ ಪಡೆಯದ ಹೊರತು ಸಿಗದ ಸೌಲಭ್ಯಗಳೂ ಇವೆ. ಫಿರಂಗಿ ದಳದಲ್ಲಿ ದುಡಿದವರ ಕಿವಿ ಮಂದವಾದರೆ ಮನೆಯವರು ವಯಸ್ಸಾಯಿತೆಂದು ಸುಮ್ಮನಾಗುತ್ತಾರೆ, ಆದರೆ ತಜ್ಞರ ಸಲಹೆಯ ಮೇರೆಗೆ ಶ್ರವಣ ಸಾಧನ ಇದೇ ಯೋಜನೆಯಲ್ಲಿ ದೊರೆಯುತ್ತದೆ. ಕೃತಕ ಕೈಕಾಲು ಬೇಕಾದವರಿಗೆ ಪುಣೆಯಲ್ಲಿ ಸೇನೆಯದೇ ಕೃತಕ ಅಂಗ ಕೇಂದ್ರವಿದೆ. ನಿದ್ದೆಯಿಲ್ಲದ ರಾತ್ರಿಗಳು, ಕಾರಣವಿಲ್ಲದ ಸಿಟ್ಟು, ಮಿತಿ ಮೀರಿದ ಕುಡಿತ ಇವುಗಳನ್ನು ಕಾಯಿಲೆಯೆಂದು ಒಪ್ಪಿಕೊಳ್ಳಲು ಸೈನಿಕರಿಗೆ ಸಂಕೋಚ ಹೆಚ್ಚು. ಕ್ಯಾಂಟೀನ್ ಕೋಟಾದ ರಮ್ಮನ್ನು ನಿದ್ದೆಯ ಔಷಧಿಯಂತೆ ಬಳಸುವವರೂ ಇದ್ದಾರೆ. ಹೆಸರು ಹೇಳದೆ ಮಾತನಾಡಬಯಸುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ, ಕನ್ನಡದಲ್ಲೇ ಕರೆ ಮಾಡಬಹುದು. ಸೇನೆಯವರಿಗಾಗಿ ಅದರ ಪ್ರತ್ಯೇಕ ಘಟಕವೊಂದು 2023ರ ಡಿಸೆಂಬರ್‌ನಿಂದ ಪುಣೆಯಲ್ಲಿದೆ. ಚಟ ಬಿಡಿಸುವ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರತ್ಯೇಕ ಕೇಂದ್ರವೇ ಇದೆ.

ಪಿಂಚಣಿಗೆ ಬೇಕಾದಷ್ಟು ಸೇವಾವಧಿ ಪೂರೈಸದೆ ಹೊರಬಂದ ಜವಾನರ ಪಾಡು ಇವರೆಲ್ಲರಿಗಿಂತ ಕಷ್ಟ. ಅವರಲ್ಲಿ 65 ದಾಟಿದ, ಹವಾಲ್ದಾರ್ ಹುದ್ದೆಯವರೆಗಿನ ಬಡವರಿಗೆ ಮತ್ತು ಅವರ ವಿಧವೆಯರಿಗೆ ರಕ್ಷಣಾ ಸಚಿವರ ಕಲ್ಯಾಣ ನಿಧಿಯಿಂದ ಬಡತನ ನೆರವು ಸಿಗುತ್ತದೆ. 2025ರ ಅಕ್ಟೋಬರ್‌ನಲ್ಲಿ ಅದನ್ನು ತಿಂಗಳಿಗೆ 4,000ದಿಂದ 8,000 ರೂಪಾಯಿಗೆ ಏರಿಸಲಾಯಿತು. ವೈದ್ಯಕೀಯ ವೆಚ್ಚಕ್ಕೂ ಅದೇ ನಿಧಿಯಲ್ಲಿ ಪ್ರತ್ಯೇಕ ಅನುದಾನವಿದೆ. ಅರ್ಜಿ ಕೇಂದ್ರೀಯ ಸೈನಿಕ ಮಂಡಳಿಯ ಜಾಲತಾಣದ ಮೂಲಕ, ಜಿಲ್ಲಾ ಕಚೇರಿಯ ಪರಿಶೀಲನೆಯೊಂದಿಗೆ ಸಾಗುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯನ್ನೂ ಪಡೆಯಬಹುದು.

ಎಲ್ಲ ಸರಿಯಿದ್ದೂ ಒಪ್ಪಂದದ ಆಸ್ಪತ್ರೆ ಮುಂಗಡ ಕೇಳಿದರೆ ಅಥವಾ ದಾಖಲಿಸಿಕೊಳ್ಳಲು ನಿರಾಕರಿಸಿದರೆ ಜಗಳಕ್ಕಿಳಿಯದೆ, ದಿನಾಂಕ ಮತ್ತು ಸಮಯ ನಮೂದಿಸಿ ಪಾಲಿಕ್ಲಿನಿಕ್‌ನ ಉಸ್ತುವಾರಿ ಅಧಿಕಾರಿಗೆ ಲಿಖಿತವಾಗಿ ತಿಳಿಸಿ. ಅಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನ ಇಸಿಎಚ್‌ಎಸ್ ಪ್ರಾದೇಶಿಕ ಕೇಂದ್ರಕ್ಕೆ, ನಂತರ ಕೇಂದ್ರ ಸರ್ಕಾರದ ಕುಂದುಕೊರತೆ ಜಾಲತಾಣವಾದ ಸಿಪಿಗ್ರಾಮ್ಸ್‌ಗೆ ದೂರು ಕೊಡಬಹುದು. ಕಾನೂನಿನ ಸಲಹೆ ಬೇಕಾದವರು 2025ರ ಜುಲೈನಲ್ಲಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಸೈನಿಕ ಕುಟುಂಬಗಳಿಗಾಗಿ ಆರಂಭಿಸಿದ ವೀರ ಪರಿವಾರ ಸಹಾಯತಾ ಯೋಜನೆಯ ಉಚಿತ ನೆರವಿಗಾಗಿ ಜಿಲ್ಲಾ ಸೈನಿಕ ಕಚೇರಿಯಲ್ಲಿ ವಿಚಾರಿಸಬೇಕು. ಹೋಗುವಾಗ ಹಿಂದಿನ ಪ್ರತಿ ದೂರಿನ ನಕಲನ್ನೂ ಸ್ವೀಕೃತಿ ಸಂಖ್ಯೆಯನ್ನೂ ಒಯ್ಯಬೇಕು.